ಆಯುಧ ಒಪ್ಪಿಸು ಅಂದವರು ಯಾರು?

ವಿದೇಶಿ ಬಂದರಿಗೆ ಖಾಸಗಿ ವಿಹಾರನೌಕೆ ಹೋದರೆ, ಒಳಗಿರುವ ಬಂದೂಕಿನ ಲೆಕ್ಕವನ್ನು ಕಸ್ಟಮ್ಸ್‌ನವರಿಗೆ ಕೊಡಬೇಕು. ಚಿಕ್ಕೋಡಿ, ರಾಯಬಾಗಕ್ಕೆ ಸಮುದ್ರ ಎಲ್ಲಿದೆ ಅಂತೀರಾ? ನಿಪ್ಪಾಣಿಯ ಕೊಗನೊಳ್ಳಿ, ಕಾಗವಾಡದ ಚೆಕ್‌ಪೋಸ್ಟ್‌ಗಳೇ ನಮ್ಮ ಬಂದರು. ಚುನಾವಣೆ ಬಂತಂದ್ರೆ, ಪೊಲೀಸರು ಹೇಳಿದರೆ ಅಥಣಿಯ ರೈತನೂ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸ್ತಾನೆ.

ಆದರೆ ವೀಕ್ಷಕರೇ, ಆಯುಧ ಒಪ್ಪಿಸಿ ಅನ್ನೋ ಇದೇ ಮಾತಿಗೆ ಒಂದು ಊರೇ ಸುಟ್ಟುಹೋಗಿದೆ. ರಾಯಬಾಗದಿಂದ ಪೂರ್ವಕ್ಕೆ, ಮುಧೋಳ ಸಂಸ್ಥಾನದ ಹಲಗಲಿ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಬೇಟೆಯೇ ಬದುಕಾಗಿದ್ದ ಬೇಡರು, ಜಡಗ, ಬಾಲರ ಮುಂದಾಳತ್ವದಲ್ಲಿ, ಕೊಡೋದಿಲ್ಲ ಅಂದರು. ನವೆಂಬರ್ ಕೊನೆಗೆ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು.

ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ಲೈಸೆನ್ಸೇ ಬೇಡ ಅಂದರು. ಕಾರಣ? ಇವರು ನಮಗೆ ನಿಷ್ಠರು ಅನ್ನೋ ನಂಬಿಕೆ. ಅಂದರೆ ಅವರ ಭಯ ಬಂದೂಕಿನದ್ದಲ್ಲ, ಅದನ್ನು ಹಿಡಿದ ಕೈಯದ್ದು.

ಹಲಗಲಿಯವರಿಗೆ ಆ ಕಾಯ್ದೆ ಮಾಡಿದವರನ್ನು ಇಳಿಸೋ ದಾರಿಯೇ ಇರಲಿಲ್ಲ. ಇವತ್ತು ನಿಮಗಿದೆ. ಠಾಣೆಯಲ್ಲಿ ಬಂದೂಕಿಟ್ಟು ರಸೀದಿ ತಗೊಳ್ಳುವಾಗ ನೆನಪಿಡಿ, ಅದನ್ನು ಕೆಳಗಿಡೋದೇ ನಿಮ್ಮ ಮತಕ್ಕಾಗಿ. ಬಂದೂಕು ಒಪ್ಪಿಸಿ. ಮತ ಮಾತ್ರ ಯಾರಿಗೂ ಒಪ್ಪಿಸಬೇಡಿ.