ಒಂದು ಕೈಯ ಬೆಲೆ ಎಷ್ಟು?

1/5
ಮನ್ಯಾಗ ಅವ್ವ ಇಲ್ಲಾ ಅಜ್ಜಿ ಜೋಳದ ರೊಟ್ಟಿ ಬಡಿಯೋದನ್ನ ಇವತ್ತು ಒಮ್ಮೆ ಸರಿಯಾಗಿ ನೋಡ್ರಿ. ಒಂದು ಕೈ ಬಡೀತಿರತದ, ಇನ್ನೊಂದು ತಿರುಗಿಸ್ತಿರತದ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟದಾಗ ಚಾಟ್ನಿ ಮಾಡೋರಿಗೂ ಅಷ್ಟೇ, ಎರಡೂ ಕೈ ಬೇಕು. ಅದರಾಗ ಒಂದು ಕೈ ಹೋದ್ರ? ಅದೂ ಆರಾಮಾಗಲಿ ಅಂತ ಹೋದ ದವಾಖಾನಿಯೊಳಗೇ ಹೋದ್ರ?
ಅಕೌಂಟೆನ್ಸಿಯಾಗ ನಾವು ಮಷಿನ್‌ಗೆ ಸವಕಳಿ ಲೆಕ್ಕ ಹಾಕ್ತೀವಿ. ಕೈಗೆ ಯಾವ ಲೆಕ್ಕ? ನಮ್ಮ ಕೋರ್ಟುಗಳು ಈ ಲೆಕ್ಕ ಕಲಿತ ಕಥಿ ಹೇಳ್ತೀನಿ, ಕೊನೀತನಕ ಓದ್ರಿ.

2/5
1953. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಾಗ ಇತ್ತು. ಅದೇ ರಾಜ್ಯದ ರತ್ನಾಗಿರಿ ಜಿಲ್ಲೆಯ ಪಾಲಶೇತ್ ಕಡಲ ದಂಡೆಯಲ್ಲಿ ಮೇ 6ರಂದು ಒಬ್ಬ ಹುಡುಗನ ತೊಡೆಯ ಎಲುಬು ಮುರೀತು. ವಯಸ್ಸು ಸುಮಾರು 20, ಅಂದ್ರ ನನ್ನ ವಯಸ್ಸೇ. ಅವನನ್ನ ಪುಣೆಗೆ ಕರಕೊಂಡು ಹೋದ್ರು. ಅಲ್ಲಿ ಪೂರ್ತಿ ಅರವಳಿಕೆ ಕೊಡದೆ, ಜೋರಿನಿಂದ ಕಾಲು ಎಳೆದು ಪ್ಲಾಸ್ಟರ್ ಹಾಕಿದ್ರು. ಮೇ 9ರ ರಾತ್ರಿ ಹುಡುಗ ತೀರಿಕೊಂಡ.
ತಂದೆ ಸ್ವತಃ ಡಾಕ್ಟರ್. ಅವರು ಕೇಸ್ ಹಾಕಿದ್ರು. 1968ರಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರ್‌ದೇ ತಪ್ಪು ಅಂತ ಎತ್ತಿಹಿಡೀತು. ಕಾನೂನು ಪುಸ್ತಕದಾಗ ಇದು ಲಕ್ಷ್ಮಣ ಜೋಶಿ ವರ್ಸಸ್ ತ್ರಿಂಬಕ ಗೋಡಬೋಲೆ ಪ್ರಕರಣ. ರೋಗಿಯನ್ನ ತಗೋಬೇಕೋ ಬ್ಯಾಡೋ, ಯಾವ ಚಿಕಿತ್ಸೆ ಕೊಡಬೇಕು, ಹೆಂಗ ಕೊಡಬೇಕು, ಈ ಮೂರರಲ್ಲೂ ಡಾಕ್ಟರ್ ಎಚ್ಚರ ವಹಿಸಲೇಬೇಕು ಅಂತ ತೀರ್ಪು ಹೇಳಿತು.
ಪರಿಹಾರ? 3,000 ರೂಪಾಯಿ. 15 ವರ್ಷ ಕಾದಮ್ಯಾಲೆ.

3/5
ಹಿಂಗ ಸಿವಿಲ್ ಕೋರ್ಟಿಗೆ ಅಡ್ಡಾಡೋದು ಬಡವರಿಂದ ಆಗೂ ಮಾತಲ್ಲ. ಅದಕ್ಕ ಬಂತು 1986ರ ಗ್ರಾಹಕರ ಸಂರಕ್ಷಣಾ ಕಾಯ್ದೆ. ಹೌದು, ನಾವು ಐದು ಮಾರ್ಕ್ಸಿಗೆ ಬಾಯಿಪಾಠ ಮಾಡ್ತೀವಲ್ಲ, ಅದೇ! ಆದ್ರ ರೋಗಿ ಗ್ರಾಹಕನಾ? ಡಾಕ್ಟರುಗಳು ಅಲ್ಲ ಅಂದ್ರು. 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೌದು ಅಂತು. ಎಲ್ಲರಿಗೂ ಪೂರ್ತಿ ಉಚಿತ ಇರೋ ದವಾಖಾನಿ ಮಾತ್ರ ಹೊರಗ. ಕೆಲವರ ಹತ್ರ ರೊಕ್ಕ ತಗೊಂಡು ಕೆಲವರಿಗೆ ಬಿಟ್ಟಿ ನೋಡಿದ್ರ, ಬಿಟ್ಟಿ ಬಂದವರೂ ಗ್ರಾಹಕರೇ.

4/5
ಈಗ ಕೈಯ ಕಥಿ. 2006ರ ಜುಲೈ, ಶಿಮ್ಲಾದ ದೀನ್ ದಯಾಳ್ ಉಪಾಧ್ಯಾಯ ಆಸ್ಪತ್ರೆ. ಹೊಟ್ಟೆನೋವಂತ ಬಂದ ಹಳ್ಳಿಯ ಗೃಹಿಣಿಗೆ ಒಂದು ಸಣ್ಣ ಶಸ್ತ್ರಕ್ರಿಯೆ ಮಾಡೋದಿತ್ತು. ಅದಕ್ಕ ಕೊಟ್ಟ ಇಂಜೆಕ್ಷನ್ ಅಭಿಧಮನಿ ಬಿಟ್ಟು ಅಪಧಮನಿಗೆ ಹೋತು. ಅಭಿಧಮನಿ ರಕ್ತವನ್ನ ಹೃದಯಕ್ಕ ಒಯ್ತದ, ಅಪಧಮನಿ ಬೆರಳಿನ ತುದಿಗೆ ಒಯ್ತದ. ತಪ್ಪು ನಾಳಕ್ಕ ಹೋದ ಔಷಧ ಅದನ್ನ ಕಟ್ಟಿಹಾಕ್ತದ, ಕೈಗೆ ರಕ್ತ ಸಿಗದೆ ಕೊಳಿತದ. ಬಲಗೈಯನ್ನ ಮೊಣಕೈ ಮ್ಯಾಲಿಂದ ಕತ್ತರಿಸಬೇಕಾತು.
ರಾಜ್ಯ ಆಯೋಗ ಕೊಟ್ಟಿದ್ದು 2,93,526 ರೂಪಾಯಿ. ರಾಷ್ಟ್ರೀಯ ಆಯೋಗ 2 ಲಕ್ಷ ಸೇರಿಸಿತು. ಎರಡೂ ಕೂಡಿ 5 ಲಕ್ಷವೂ ಇಲ್ಲ! 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಮ್ಯಾಲೆ ಇನ್ನೂ 10 ಲಕ್ಷ ಕೊಡಿಸಿತು. ಬಡವಿ, ಹಳ್ಳಿಯಾಕಿ ಅನ್ನೋದು ಪರಿಹಾರ ಕಡಿಮಿ ಮಾಡಲಿಕ್ಕೆ ಕಾರಣ ಆಗಂಗಿಲ್ಲ; ಗೃಹಿಣಿ ಮನ್ಯಾಗ ಮಾಡೋ ಕೆಲಸವನ್ನ ರೊಕ್ಕದಾಗ ಅಳೀಲಿಕ್ಕಾಗಂಗಿಲ್ಲ; ವೈದ್ಯರ ಕಾಳಜಿ ಎಲ್ಲರಿಗೂ ಒಂದೇ ಸಮ ಇರಬೇಕು. ಕೋರ್ಟಿನ ಮಾತಿನ ಸಾರ ಇದು.
ಆ ತೀರ್ಪು ನಮ್ಮ ಬೆಂಗಳೂರಿನ ಒಂದು ಪ್ರಕರಣವನ್ನೂ ನೆನೀತದ. ಮಣಿಪಾಲ್ ಆಸ್ಪತ್ರೆ, 2 ವರ್ಷದ ಕೂಸು, ಡ್ರಿಪ್ ಹಾಕಿದ ಕೈಗೆ ಗ್ಯಾಂಗ್ರೀನ್, ಆಮ್ಯಾಲೆ ಅಂಗಚ್ಛೇದನ. ಅಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು 20 ಲಕ್ಷ.

5/5
ಒಂದು ಮಾತು ನೆನಪಿರಲಿ. ಗುಣ ಆಗಲಿಲ್ಲ ಅಂದಮಾತ್ರಕ್ಕ ಡಾಕ್ಟರ್ ತಪ್ಪಿತಸ್ಥ ಅಲ್ಲ. ತಕ್ಕ ಎಚ್ಚರ ವಹಿಸಿದ್ರೋ ಇಲ್ಲೋ, ಕೋರ್ಟ್ ಕೇಳೋ ಪ್ರಶ್ನೆ ಇಷ್ಟೇ. ಅದಕ್ಕ ಜಗಳ, ಕಲ್ಲು ತೂರೋದು ಉತ್ತರ ಅಲ್ಲ. ಕಾಗದ ಉತ್ತರ.
ಚೀಟಿ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಒಗೀಬ್ಯಾಡ್ರಿ. ಕೇಳಿದ್ರ 72 ತಾಸಿನಾಗ ದಾಖಲೆ ಕೊಡಬೇಕು ಅಂತ ವೈದ್ಯಕೀಯ ನಿಯಮ ಐತಿ. ದೂರು ಕೊಡೂದಕ್ಕ 2 ವರ್ಷ ಗಡುವು. 2019ರ ಹೊಸ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಾಗೇ ದೂರು ಕೊಡಬಹುದು. ದವಾಖಾನಿಗೆ ಕಟ್ಟಿದ್ದು 5 ಲಕ್ಷದೊಳಗಿದ್ರ ಶುಲ್ಕವೂ ಇಲ್ಲ. ತಿಕೋಟಾದವರು ಬೆಂಗಳೂರಿಗೆ ಓಡಬೇಕಾಗಿಲ್ಲ, ವಿಜಯಪುರದ ಜಿಲ್ಲಾ ಆಯೋಗ ಸಾಕು.
ಕೈಗೆ ಬೆಲೆ ಕಟ್ಟಲಿಕ್ಕಾಗಂಗಿಲ್ಲ, ಖರೆ. ಆದ್ರ ರೊಟ್ಟಿ ಬಡಿಯೋ ಕೈಗೆ ಕಡಿಮಿ ಬೆಲೆ ಅಂತ ಇನ್ನಮುಂದ ಯಾರೂ ಅನ್ನೋಹಂಗಿಲ್ಲ. ಐದು ಮಾರ್ಕ್ಸಿನ ಆ ಉತ್ತರವನ್ನ ಪರೀಕ್ಷೆ ಮುಗಿದಮ್ಯಾಲೂ ಮರೀಬ್ಯಾಡ್ರಿ. ಸೇವ್ ಮಾಡಿಟ್ಕೊಳ್ರಿ, ಮನ್ಯಾಗ ಓದಿ ಹೇಳ್ರಿ.

#ವಿಜಯಪುರ #ತಿಕೋಟಾ #ಬಬಲೇಶ್ವರ #ಗ್ರಾಹಕರಹಕ್ಕು #ಇತಿಹಾಸ