ಜೀನಾ, ಗರ್ಭನಾ? ಮೈಸೂರಿನ ಹಳೇ ದಾಖಲೆಗಳು ಹೇಳಿದ ಸಕ್ಕರೆ ಕಥೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಕೇಳ್ತಿರೋರಿಗೆ ಇವತ್ತು ಒಂದು ಪ್ರಶ್ನೆ. ಬಸುರಿಯರಿಗೆ ಸಿಹಿ ನೀರು ಕುಡಿಸಿ, ಎರಡು ತಾಸು ಕೂರಿಸಿ ರಕ್ತ ಪರೀಕ್ಷೆ ಮಾಡ್ತಾರಲ್ಲ, ಅದು ಯಾಕೆ? "ನಮ್ಮ ಮನೆತನದಾಗ ಯಾರಿಗೂ ಶುಗರ್ ಇಲ್ಲ, ಇದ್ಯಾಕ ಬೇಕ್ರಿ?" ಅನ್ನೋ ಮಾತು ಎಷ್ಟೋ ಮನೆಗಳಲ್ಲಿ ಬರುತ್ತೆ. ಶುಗರ್ ಅಂದ್ರೆ ವಂಶದಿಂದ, ಅಂದ್ರೆ ಜೀನ್‌ನಿಂದ ಮಾತ್ರ ಬರೋದು ಅನ್ನೋ ನಂಬಿಕೆ ಅದು. ಅರ್ಧ ನಿಜ. ಇನ್ನರ್ಧ ಗೊತ್ತಾಗೋದಕ್ಕೆ ನಮ್ಮದೇ ರಾಜ್ಯದ ಇನ್ನೊಂದು ತುದಿಗೆ, ಮೈಸೂರಿಗೆ ಹೋಗಬೇಕು.

ಅಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆ ಪುಟಗಳಿಗೆ ಬೆಲೆ ಬಂದದ್ದು ದಶಕಗಳ ನಂತರ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಸಣ್ಣದಾಗಿ ಹುಟ್ಟಿದ ಮಕ್ಕಳಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಅಂತ ತೋರಿಸಿದ್ದರು. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಇದನ್ನೇ ಮೈಸೂರಲ್ಲಿ ನೋಡೋಕೆ ಹೊರಟರು. ಆ ದಾಖಲೆಗಳಲ್ಲಿದ್ದ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹೃದಯದ ವಿಷಯದಲ್ಲಿ ಬಾರ್ಕರ್ ಮಾತು ಹೊಂದಿಕೊಂಡಿತು. ಆದರೆ ಮಧುಮೇಹದ ಕಥೆ ಬೇರೆಯೇ ಆಯಿತು. 1998ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪರೀಕ್ಷಿಸಿದ 506 ಜನರಲ್ಲಿ ಶೇ. 15ರಷ್ಟು ಮಂದಿಗೆ ಮಧುಮೇಹ ಇತ್ತು. ಹುಟ್ಟುವಾಗ ಉದ್ದ ಕಡಿಮೆ ಇದ್ದು ಗುಂಡುಗುಂಡಾಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು.

ಹಾಗಾದ್ರೆ ಆ ತಾಯಂದಿರಿಗೆ ಬಸುರಿನಲ್ಲೇ ಸಕ್ಕರೆ ಏರಿತ್ತಾ? ಹಳೇ ಪುಟಗಳಲ್ಲಿ ಉತ್ತರ ಇಲ್ಲ. ಅದಕ್ಕೇ 1997–98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಸೇರಿಸಿ ಹೊಸ ಅಧ್ಯಯನ ಶುರುವಾಯಿತು. ಹೆಸರು ಪಾರ್ಥೆನಾನ್. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ. 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಸಿಕ್ಕಿತು. ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ, ಹುಟ್ಟಿದ ಮಕ್ಕಳನ್ನೂ ವರ್ಷವರ್ಷ ಅಳೆಯುತ್ತಾ ಹೋದರು.

ಇಲ್ಲಿದೆ ನೋಡಿ ಜಾಣತನ. ಜೀನ್ ಅಪ್ಪನಿಂದಲೂ ಬರುತ್ತೆ, ಅಮ್ಮನಿಂದಲೂ ಬರುತ್ತೆ. ಗರ್ಭ ಮಾತ್ರ ಅಮ್ಮನದು. ಹಾಗಾಗಿ ಮಧುಮೇಹ ಇದ್ದ ಅಪ್ಪಂದಿರ ಮಕ್ಕಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. ಐದನೇ ವರ್ಷಕ್ಕೆ, ಬಸುರಿನಲ್ಲಿ ಮಧುಮೇಹ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು. ಅಪ್ಪಂದಿರ ಗುಂಪಿನ ಮಕ್ಕಳ ಮೈಯಳತೆಯಲ್ಲಿ ವ್ಯತ್ಯಾಸ ಇರಲಿಲ್ಲ. ಒಂಬತ್ತೂವರೆ ವರ್ಷಕ್ಕೆ ಅವರಲ್ಲೂ ಸ್ವಲ್ಪ ಕಾಣಿಸಿತು, ಆದರೆ ತಾಯಂದಿರ ಗುಂಪಿನಷ್ಟಿಲ್ಲ. ಅಂದ್ರೆ ಜೀನ್ ಪಾಲು ಸುಳ್ಳಲ್ಲ. ಅದರ ಮೇಲೆ ಗರ್ಭವೂ ತನ್ನ ಪಾಲು ಸೇರಿಸುತ್ತೆ.

ಹೇಗೆ? ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲೇ ವಿವರಿಸಿದ್ದರು. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ತಾಯಿಯ ಇನ್ಸುಲಿನ್ ಹೋಗಲ್ಲ. ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಳ್ಳುತ್ತೆ, ಕೊಬ್ಬು ಕೂಡಿಡುತ್ತೆ.

ಈಗ ಮತ್ತೆ ಆ ಸಿಹಿ ನೀರು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಪ್ರತಿ ಬಸುರಿಗೂ 75 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ತಾಸಿನ ನಂತರ ಪರೀಕ್ಷಿಸಬೇಕು. ಉಪವಾಸ ಬೇಕಿಲ್ಲ. ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ. ಮೊದಲ ಭೇಟಿಯಲ್ಲಿ ಸರಿ ಇದ್ದರೂ 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಮಾಡಿಸಬೇಕು.

ಹುಟ್ಟೋ ಮಗುವಿನ ಜೀನ್ ನಮ್ಮ ಕೈಲಿಲ್ಲ. ತಾಯಿಯ ಸಕ್ಕರೆ ಹತೋಟಿಗೆ ತರಬಹುದು. ಬಹಳ ಮಂದಿಗೆ ಊಟದ ಪಥ್ಯ, ನಡಿಗೆ ಸಾಕು, ಕೆಲವರಿಗೆ ಮಾತ್ರ ಔಷಧ ಬೇಕು. ಅದರಿಂದ ಮಗು ಅತಿ ದಪ್ಪ ಬೆಳೆದು ಹೆರಿಗೆ ಕಷ್ಟವಾಗೋದು ಕಡಿಮೆಯಾಗುತ್ತೆ. ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಮತ್ತೊಂದು ಪರೀಕ್ಷೆ ಇದೆ, ತೊಟ್ಟಿಲ ಸಂಭ್ರಮದಲ್ಲಿ ಅದನ್ನು ಮರೀಬೇಡಿ. ಮುಂದೆ ಮಧುಮೇಹ ಬರುವ ಅಪಾಯ ಆಕೆಗೂ ಇದೆ.

ಮನೆಯಲ್ಲಿ ಬಸುರಿ ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಅತ್ತೆಗೂ, ಗಂಡನಿಗೂ ಕೇಳಿಸಿ.