ಕಡಲ ತೀರದ ಶಿಬಿರ ಮತ್ತು ಒಂದು ನಡತೆ ಪತ್ರ



2025ರ ಜುಲೈ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಉತ್ತರ ವೇಲ್ಸಿನ ಕಡಲ ತೀರದಲ್ಲಿ ಐದು ದಿನಗಳ ಒಂದು ಕ್ರೈಸ್ತ ಮಕ್ಕಳ ಶಿಬಿರದಲ್ಲಿ ನಾನು ಸ್ವಯಂಸೇವಕನಾಗಿ ದುಡಿದು ಬಂದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತು. "ಈ ವಯಸ್ಸಿನಲ್ಲಿ ನಿಮಗೇಕೆ ಸಾರ್ ಅದೆಲ್ಲ?" ಎಂದು ಕೇಳಿದವರಿಗೂ, "ಏನು ಭಾವ, ಜಾತಿ ಕೆಡಿಸಿಕೊಂಡು ಬಂದಿರೋ?" ಎಂದು ನಕ್ಕವರಿಗೂ ಒಟ್ಟಿಗೇ ಉತ್ತರ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ತಡವಾದುದಕ್ಕೆ ಕಾರಣ ಸೋಮಾರಿತನವಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಗನ ನೆರೆಮನೆಯ ವೃದ್ಧೆಯೊಬ್ಬರು ಪ್ರತಿ ಬೇಸಿಗೆಯಲ್ಲೂ ತಮ್ಮ ಚರ್ಚಿನ ಶಿಬಿರದ ಅಡುಗೆಮನೆಯನ್ನು ನೋಡಿಕೊಳ್ಳುವವರು. ನಾನು ಕ್ರೈಸ್ತನಲ್ಲವೆಂಬುದು ಅವರಿಗೆ ತಿಳಿದಿತ್ತು. "ಬೈಬಲ್ ಪಾಠ ನಾವು ಮಾಡಿಕೊಳ್ಳುತ್ತೇವೆ, ನೀವು ತರಕಾರಿ ಹೆಚ್ಚಿ, ಮಕ್ಕಳಿಗೆ ಕಾಗದದ ದೋಣಿ ಮಾಡುವುದನ್ನು ಕಲಿಸಿ" ಎಂದರು. ಸಂತೋಷದಿಂದ ಒಪ್ಪಿದೆ. ಆದರೆ ನಾನು ಊರಿನಿಂದ ಹೊರಡುವ ಮುನ್ನವೇ ಒಂದು ಅರ್ಜಿ ಬಂದಿತು. ನನ್ನನ್ನು ಬಲ್ಲ ಇಬ್ಬರ ಶಿಫಾರಸು ಬೇಕು. ಸ್ಥಳೀಯ ಪೊಲೀಸರಿಂದ ಸನ್ನಡತೆಯ ಪ್ರಮಾಣಪತ್ರವೂ ಬೇಕು.

ನಿಜ ಹೇಳುತ್ತೇನೆ, ನನಗೆ ಅವಮಾನವಾಯಿತು. ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು ನಾನು. ಎಷ್ಟು ನೂರು ವರ್ಗಾವಣೆ ಪತ್ರಗಳಲ್ಲಿ "ನಡತೆ: ಉತ್ತಮ" ಎಂದು ಕೈಯಾರೆ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥವನು ಈಗ ಠಾಣೆಯ ಬೆಂಚಿನ ಮೇಲೆ ಕುಳಿತು ತನ್ನ ನಡತೆಗೆ ಪತ್ರ ಬೇಡಬೇಕೆ? ಪತ್ರವನ್ನೇನೋ ತಂದೆ, ಮನಸ್ಸು ಮಾತ್ರ ಕಹಿಯಾಗಿತ್ತು. ಆ ಕಹಿಯನ್ನು ಕಳೆದುದು ಇತಿಹಾಸದ ಓದು.

ಮಕ್ಕಳಿಗಾಗಿ ಕಡಲ ತೀರದಲ್ಲಿ ಕ್ರೈಸ್ತ ಕೂಟಗಳನ್ನು ನಡೆಸುವ ಪರಂಪರೆಯ ಮೊದಲ ಹೆಜ್ಜೆಗಳು ಮೂಡಿದ್ದು ಅದೇ ಉತ್ತರ ವೇಲ್ಸಿನ ಲಾಂಡಡ್ನೋ ಎಂಬ ಊರಿನಲ್ಲಿ. ಶಿಬಿರ ಮುಗಿದ ಮೇಲೆ ಮಗ ನನ್ನನ್ನು ಅಲ್ಲಿಗೆ ಕರೆದೊಯ್ದ. ಗ್ರೇಟ್ ಓರ್ಮ್, ಲಿಟಲ್ ಓರ್ಮ್ ಎಂಬ ಎರಡು ಗುಡ್ಡಗಳ ನಡುವೆ ಬಾಗಿ ನಿಂತ ಕೊಲ್ಲಿ ಅದು. ಇಂದು ಆ ದಂಡೆಯಲ್ಲಿ ಮರಳಿಗಿಂತ ಉರುಟುಗಲ್ಲುಗಳೇ ಹೆಚ್ಚು. 1868ರ ಬೇಸಿಗೆಯಲ್ಲಿ ಜೋಸಯ್ಯ ಸ್ಪಿಯರ್ಸ್ ಎಂಬಾತ ಲಂಡನ್ನಿನಿಂದ ರಜೆಗೆಂದು ಅಲ್ಲಿಗೆ ಬಂದಿದ್ದ. ಅವನು ಪಾದ್ರಿಯಲ್ಲ, ಸಾಮಾನ್ಯ ಗೃಹಸ್ಥ. ದೇವರ ಪ್ರೀತಿಯನ್ನು ಕುರಿತ ಒಂದು ಪುಟ್ಟ ವಾಕ್ಯವನ್ನು ಮರಳಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಗೀಚಿ, ಸುತ್ತ ಆಡುತ್ತಿದ್ದ ಮಕ್ಕಳನ್ನು ಕರೆದು, ಅಕ್ಷರಗಳನ್ನು ಕಪ್ಪೆಚಿಪ್ಪು, ಕಲ್ಲು, ಕಡಲಪಾಚಿಗಳಿಂದ ಅಲಂಕರಿಸಲು ಹೇಳಿದ. ಆ ಬಳಿಕ ಅವರಿಗೆ ಕತೆ ಹೇಳಿದ. ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಸುತ್ತ ಸೇರುವುದನ್ನು ಕಂಡವರಿಗೆ ಆ ಮಕ್ಕಳ ಉತ್ಸಾಹವನ್ನು ಊಹಿಸುವುದು ಕಷ್ಟವಲ್ಲ. ಇದಕ್ಕೆ ಒಂದು ವರ್ಷ ಮೊದಲು, 1867ರಲ್ಲಿ, ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಅವನು ಮಕ್ಕಳ ಸಭೆಗಳನ್ನು ಆರಂಭಿಸಿದ್ದ. ಅದು ಬೆಳೆದು ಮಕ್ಕಳ ವಿಶೇಷ ಸೇವಾ ಮಿಷನ್ ಆಯಿತು. ಇಂದು ಸ್ಕ್ರಿಪ್ಚರ್ ಯೂನಿಯನ್ ಎಂಬ ಹೆಸರಿನಿಂದ ಅನೇಕ ದೇಶಗಳಲ್ಲಿದೆ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಇನ್ನೊಂದು ತೊರೆ ಹರಿಯುತ್ತಿತ್ತು. 1861ರಲ್ಲಿ ಕನೆಕ್ಟಿಕಟ್ ರಾಜ್ಯದ ಫ್ರೆಡರಿಕ್ ಗನ್ ಎಂಬ ಶಾಲಾ ಮೇಷ್ಟ್ರು ತನ್ನ ವಿದ್ಯಾರ್ಥಿಗಳನ್ನು ಸುಮಾರು 40 ಮೈಲಿ ನಡೆಸಿಕೊಂಡು ಹೋಗಿ ಕಡಲ ದಂಡೆಯಲ್ಲಿ ಡೇರೆ ಹಾಕಿಸಿದರು. ಅಲ್ಲಿ ಅಂತರ್ಯುದ್ಧ ಆಗಷ್ಟೇ ಆರಂಭವಾಗಿ, ಹುಡುಗರಿಗೆಲ್ಲ ಸೈನಿಕರಂತೆ ಬಯಲಲ್ಲಿ ಮಲಗುವ ಹುಚ್ಚು ಹಿಡಿದಿತ್ತು. 1880ರಲ್ಲಿ ಜಾರ್ಜ್ ಹಿಂಕ್ಲಿ ಎಂಬ ಪಾದ್ರಿ ತನ್ನ ಸಭೆಯ ಹುಡುಗರನ್ನು ರೋಡ್ ಐಲೆಂಡಿಗೆ ಕರೆದೊಯ್ದುದನ್ನು ಚರ್ಚಿನ ಮೊದಲ ಶಿಬಿರವೆಂದು ಹೇಳುತ್ತಾರೆ. 1885ರಲ್ಲಿ ವೈ.ಎಂ.ಸಿ.ಎ.ಯ ಸಮ್ನರ್ ಡಡ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸರೋವರದ ಬಳಿಗೆ ಏಳು ಹುಡುಗರನ್ನು ಒಯ್ದ. ಅಂದು ಆರಂಭವಾದ ಶಿಬಿರ ಅವನ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.

ಈ ಎಲ್ಲ ಶಿಬಿರಗಳು ಬೆಳೆದದ್ದು ಸ್ವಯಂಸೇವಕರ ಹೆಗಲ ಮೇಲೆ. ತಮ್ಮ ರಜೆಯನ್ನು ಬಿಟ್ಟುಕೊಟ್ಟು, ಸಂಬಳವಿಲ್ಲದೆ, ಕೆಲವೊಮ್ಮೆ ತಮ್ಮದೇ ಊಟದ ಖರ್ಚು ಕೊಟ್ಟು ಮಕ್ಕಳ ಜೊತೆ ದುಡಿದವರು ಅವರು. ಬಹುಪಾಲು ಜನ ಒಳ್ಳೆಯವರೇ. ಆದರೆ ಸಂಬಳವಿಲ್ಲದೆ ದುಡಿಯುವವನನ್ನು, ಅದರಲ್ಲೂ ದೇವರ ಹೆಸರಿನಲ್ಲಿ ದುಡಿಯುವವನನ್ನು ಪ್ರಶ್ನಿಸಲು ಎಲ್ಲರಿಗೂ ಸಂಕೋಚ. ಆ ಸಂಕೋಚಕ್ಕೆ ಮಕ್ಕಳು ತೆತ್ತ ಬೆಲೆ ಈ ಇತಿಹಾಸದ ಇನ್ನೊಂದು ಮುಖ.

1930ರ ದಶಕದಿಂದ ಇಂಗ್ಲೆಂಡಿನಲ್ಲಿ ಐವರ್ನ್ ಶಿಬಿರಗಳೆಂಬ ಹೆಸರಾಂತ ಕ್ರೈಸ್ತ ಶಿಬಿರಗಳು ನಡೆಯುತ್ತಿದ್ದವು. ಡಾರ್ಸೆಟ್ ಪ್ರಾಂತ್ಯದ ಐವರ್ನ್ ಮಿನ್‌ಸ್ಟರ್ ಎಂಬ ಹಳ್ಳಿಯಿಂದ ಬಂದ ಹೆಸರು ಅದು. ಶ್ರೀಮಂತರ ವಸತಿ ಶಾಲೆಗಳ ಹುಡುಗರಿಗೆಂದೇ ಏರ್ಪಟ್ಟಿದ್ದ ಆ ಶಿಬಿರಗಳಿಂದ ಚರ್ಚಿನ ಎಷ್ಟೋ ಮುಂದಾಳುಗಳು ಮೂಡಿಬಂದರು. ಅವುಗಳನ್ನು ನಡೆಸುತ್ತಿದ್ದ ಟ್ರಸ್ಟಿಗೆ 1974ರಿಂದ 1981ರವರೆಗೆ ಜಾನ್ ಸ್ಮಿತ್ ಎಂಬ ಪ್ರಸಿದ್ಧ ಬ್ಯಾರಿಸ್ಟರ್ ಅಧ್ಯಕ್ಷನಾಗಿದ್ದ. ಶಿಬಿರದಲ್ಲಿ ಪರಿಚಯವಾದ ಹುಡುಗರನ್ನು ಅವನು ತನ್ನ ಮನೆಗೆ ಕರೆದು, ತೋಟದ ಕೊಠಡಿಯೊಳಗೆ, ಪಾಪಕ್ಕೆ ಪ್ರಾಯಶ್ಚಿತ್ತವೆಂದು ನಂಬಿಸಿ, ರಕ್ತ ಬರುವಂತೆ ಬೆತ್ತದಿಂದ ಹೊಡೆಯುತ್ತಿದ್ದ. 1982ರಲ್ಲಿ ಒಬ್ಬ ಪಾದ್ರಿ ಇದೆಲ್ಲವನ್ನೂ ವಿಚಾರಿಸಿ ಗುಪ್ತ ವರದಿ ಬರೆದರು. ತಿಳಿದವರು ಹಲವರಿದ್ದರು, ಪೊಲೀಸರಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಸ್ಮಿತ್ 1984ರಲ್ಲಿ ಜಿಂಬಾಬ್ವೆಗೆ ಹೋಗಿ ಅಲ್ಲಿಯೂ ಹುಡುಗರ ಶಿಬಿರಗಳನ್ನು ಆರಂಭಿಸಿದ. 1992ರಲ್ಲಿ ಅಲ್ಲಿನ ಒಂದು ಶಿಬಿರದ ಈಜುಕೊಳದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಹೆಣವಾಗಿ ಸಿಕ್ಕಿದ. ಸ್ಮಿತ್‌ನ ಮೇಲೆ ಹೂಡಿದ ಮೊಕದ್ದಮೆ ಬಿದ್ದುಹೋಯಿತು.

2017ರಲ್ಲಿ ಒಂದು ದೂರದರ್ಶನ ವಾಹಿನಿ ಎಲ್ಲವನ್ನೂ ಬಯಲಿಗೆಳೆಯಿತು. 2018ರಲ್ಲಿ, ಶಿಕ್ಷೆಯಿಲ್ಲದೆಯೇ, ಸ್ಮಿತ್ ದಕ್ಷಿಣ ಆಫ್ರಿಕದಲ್ಲಿ ಸತ್ತ. 2024ರ ನವೆಂಬರಿನಲ್ಲಿ ಪ್ರಕಟವಾದ ಮೇಕಿನ್ ವರದಿ ಅವನ ಕೈಯಲ್ಲಿ ನೊಂದವರು ನೂರಕ್ಕೂ ಹೆಚ್ಚೆಂದಿತು. 2013ರಲ್ಲಿ ವಿಷಯ ತಿಳಿದ ಮೇಲೂ ಸಾಕಷ್ಟು ಬೆನ್ನು ಹತ್ತಲಿಲ್ಲವೆಂಬ ಆಕ್ಷೇಪಕ್ಕೆ ಗುರಿಯಾದ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. ತಾರುಣ್ಯದಲ್ಲಿ ಅವರೂ ಅದೇ ಶಿಬಿರಗಳಲ್ಲಿ ಸ್ವಯಂಸೇವಕರಾಗಿದ್ದವರು.

ಇಂಥ ಅನುಭವಗಳಿಂದಲೇ ಬ್ರಿಟನ್ ಪಾಠ ಕಲಿತದ್ದು. 2002ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಮಕ್ಕಳೊಡನೆ ದುಡಿಯುವವರ ಪೂರ್ವಾಪರವನ್ನು ಪರಿಶೀಲಿಸಲೆಂದೇ ಒಂದು ಸರ್ಕಾರಿ ಕಚೇರಿ ಕೆಲಸ ಆರಂಭಿಸಿತು. ಅದೇ ವರ್ಷ ಸೋಹಮ್ ಎಂಬ ಊರಿನಲ್ಲಿ ಶಾಲೆಯ ಜವಾನನೊಬ್ಬ ಇಬ್ಬರು ಬಾಲಕಿಯರನ್ನು ಕೊಂದನು. ಆ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು. ನನ್ನನ್ನು ಕೆಣಕಿದ ಅರ್ಜಿಯ ವಂಶಾವಳಿ ಇದು.

ಶಿಬಿರದಲ್ಲಿ ಒಂದು ನಿಯಮವನ್ನು ಮೊದಲ ದಿನವೇ ಹೇಳಿಕೊಟ್ಟರು: ಯಾವ ದೊಡ್ಡವರೂ ಒಂದು ಮಗುವಿನೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ಮೂರನೆಯ ದಿನ ಏಳೆಂಟು ವರ್ಷದ ಹುಡುಗನೊಬ್ಬ ಕಾಗದದ ದೋಣಿ ಹಿಡಿದು ಮೂಲೆಯಲ್ಲಿ ಅಳುತ್ತಿದ್ದ. ಹತ್ತಿರ ಹೋಗಿ ಕೂರುವ ಮೊದಲು ಬಾಗಿಲನ್ನು ಅಗಲವಾಗಿ ತೆರೆದು, ಅಡುಗೆಮನೆಯ ಅಜ್ಜಿಯನ್ನು ಕರೆದೆ. ಅಜ್ಜಿ ಅವನನ್ನು ಏನೂ ಸಮಾಧಾನಪಡಿಸಲಿಲ್ಲ. "ಏನಾಯಿತು, ಹೇಳು" ಎಂದು ಕೇಳಿ, ಅವನು ಹೇಳಿ ಮುಗಿಸುವ ತನಕ ಸುಮ್ಮನೆ ಕುಳಿತರು. ಅವನಿಗೆ ಅಮ್ಮನ ನೆನಪಾಗಿತ್ತು, ಅಷ್ಟೆ. ಆದರೆ ಆ ಮೌನದಲ್ಲಿ ನನಗೆ ನಲವತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಬರೆಯಲು ತಡವಾದುದಕ್ಕೆ ಕಾರಣ ಆ ಮಧ್ಯಾಹ್ನವೇ. ನಾನು ದುಡಿದ ಶಾಲೆಗಳಲ್ಲೊಂದರಿಂದ ಮಕ್ಕಳನ್ನು ನಾಲ್ಕು ದಿನದ ಶಿಬಿರಕ್ಕೆ ಕಳಿಸುವುದಿತ್ತು. ಎಂಟನೆಯ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು, "ಆ ಮೇಷ್ಟ್ರು ಬರೋದಾದರೆ ನಾನು ಹೋಗೋದಿಲ್ಲ ಸಾರ್" ಎಂದ. ಏಕೆಂದು ನಾನು ಕೇಳಲಿಲ್ಲ. "ಗುರುಗಳ ಬಗ್ಗೆ ಹೀಗೆ ಮಾತಾಡ್ತೀಯಾ?" ಎಂದು ಗದರಿಸಿದೆ. ಬೆತ್ತವೂ ಕೈಯಲ್ಲೇ ಇತ್ತು. ಅವನು ಶಿಬಿರಕ್ಕೆ ಹೋದ. ಆ ವರ್ಷದ ಕೊನೆಯಲ್ಲಿ ಶಾಲೆ ಬಿಟ್ಟ. ಅವನ ವರ್ಗಾವಣೆ ಪತ್ರದಲ್ಲಿ "ನಡತೆ: ತೃಪ್ತಿಕರ" ಎಂದು ಬರೆದವನು ನಾನೇ. ಅಲ್ಲಿ ಏನಾದರೂ ನಡೆಯಿತೇ, ಇಲ್ಲವೇ, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದಂತೆ ಮಾಡಿಕೊಂಡವನು ನಾನು.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ತಂದೆ ತಾಯಿಯರು. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ಬೆತ್ತವನ್ನು ನಿಷೇಧಿಸಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ದೂರು ಕೊಡದಿರುವುದೇ ಅಪರಾಧ. ಕಾನೂನು ಅಷ್ಟು ಮಾಡಬಲ್ಲುದು. ಮಗು ಮೇಜಿನ ಬಳಿ ಬಂದಾಗ "ಏಕೆ?" ಎಂದು ಕೇಳುವುದು ನಿಮ್ಮ ಕೆಲಸ. ಯಾರಾದರೂ ನಿಮ್ಮ ನಡತೆಗೆ ಪತ್ರ ಕೇಳಿದರೆ ನನ್ನಂತೆ ಮುನಿಸಿಕೊಳ್ಳಬೇಡಿ, ಸಂತೋಷದಿಂದ ತಂದುಕೊಡಿ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನು ಇದನ್ನು ಓದಿದರೆ ಒಂದು ಮಾತು: ಅಪ್ಪಾ, ಅಂದು ನಾನು ಕೇಳಬೇಕಾಗಿತ್ತು. ತಪ್ಪು ನನ್ನದು. ಹೇಳಬೇಕೆನಿಸಿದರೆ ಮನೆಗೆ ಬಾ, ನೀನು ಹೇಳಿ ಮುಗಿಸುವ ತನಕ ಸುಮ್ಮನೆ ಕೂರುತ್ತೇನೆ.